ವಾರ್ಸಿ ಸಹೋದರರು
ಹೈದರಾಬಾದಿನ ಕವ್ವಾಲಿ ಗಾಯಕರಾದ ನಜೀರ್ ಮತ್ತು ನಸೀರ್ ಅಹ್ಮದ್ ಖಾನ್ ವಾರ್ಸಿ. ಪೂರ್ವಿಕರು ದೆಹಲಿಯ ಮೊಘಲ್ ಆಸ್ಥಾನದಲ್ಲಿದ್ದರು; 1857ರ ದಂಗೆಯ ನಂತರ ಮನೆತನ ಹೈದರಾಬಾದಿನ ನಿಜಾಮರ ಆಶ್ರಯಕ್ಕೆ ಬಂತು. ಅಜ್ಜ ಅಜೀಜ್ ಅಹ್ಮದ್ ಖಾನ್ ವಾರ್ಸಿ ಅವರಿಗೆ 1971ರಲ್ಲಿ ಪದ್ಮಶ್ರೀ ಸಂದಿತು.

ಇವರದು ಕವ್ವಾಲ್ ಬಚ್ಚೆ ಘರಾನೆ. ಅಮೀರ್ ಖುಸ್ರೋವಿನ ಶಿಷ್ಯಪರಂಪರೆಯಿಂದ ಬಂದದ್ದೆಂಬುದು ಅದರ ನಂಬಿಕೆ. ಮುಖ್ಯ ಗಾಯಕರು ಸಾಲೊಂದನ್ನು ಹಿಡಿದರೆ ಸಂಗಡಿಗರು ಹಾರ್ಮೋನಿಯಂ, ತಬಲಾ, ಚಪ್ಪಾಳೆಗಳೊಂದಿಗೆ ಅದನ್ನೇ ಮತ್ತೆ ಮತ್ತೆ ಎತ್ತಿಕೊಳ್ಳುತ್ತಾರೆ. ನಡುನಡುವೆ ಬೇರೆ ಕವಿಯ ದ್ವಿಪದಿ, ಸರಗಮ್ ಸೇರುತ್ತವೆ. ಕವ್ವಾಲಿ ಗಾಯಕನ ಕೌಶಲ ಇರುವುದೇ ಈ ಜೋಡಣೆಯಲ್ಲಿ. ಸಿನಿಮಾ ಕವ್ವಾಲಿಯನ್ನಷ್ಟೇ ಕೇಳಿದವರಿಗೆ ಇದರ ಶಾಸ್ತ್ರೀಯ ಬಿಗಿ ಅಚ್ಚರಿ ತಂದೀತು. ದರ್ಗಾದ ಉರುಸಿನಲ್ಲಿ ಈ ಗಾಯನ ಸೂಫಿ ಆರಾಧನೆಯ ಭಾಗ. ಸಭಾಂಗಣದಲ್ಲಿ ಅದೇ ಕಛೇರಿ. ಸಹೋದರರಿಗೆ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ ದೊರೆತಿದೆ.