ಬಾತುಗಳ ಕೆಳಗಿನ ನೀರು

ಹೋದ ಡಿಸೆಂಬರಿನ ಒಂದು ಭಾನುವಾರ. ತುಮಕೂರಿನ ಮನೆಯಿಂದ ಬೆಳಗಿನ ಜಾವ ಐದಕ್ಕೇ ಬೈಕ್ ಹತ್ತಿ ಗುಬ್ಬಿ ಕಡೆಯ ಒಂದು ಕೆರೆಗೆ ಹೋಗಿದ್ದೆ. "ಗುಬ್ಬಿಗೆ ಹೋಗಿ ಬಾತು ಹುಡುಕ್ತೀಯಲ್ಲೋ" ಅಂತ ಆಫೀಸಿನ ಗೆಳೆಯರು ರೇಗಿಸುವುದು ಮಾಮೂಲು :-)

ಮಂಜು ಕರಗಿದಾಗ ನೀರಿನ ಮೇಲೆ ಕಂಡಿದ್ದು ಸೂಜಿಬಾಲದ ಬಾತುಗಳು, ನಡುನಡುವೆ ಚಲುಕ ಬಾತುಗಳು. ಸೈಬೀರಿಯಾ ಕಡೆಯ ತಂಪು ನಾಡಿನಿಂದ ಸಾವಿರಾರು ಕಿಲೋಮೀಟರ್ ಹಾರಿ ಬಂದವು. ಆದರೆ ನನ್ನ ಲೆನ್ಸಿಗೆ ಅವು ಬರೀ ಚುಕ್ಕೆಗಳು! ಒಂದು ಗಂಟೆ ಕಾದೆ, ಹತ್ತಿರ ಬರಲಿಲ್ಲ. ಕೊನೆಗೆ ತಾಳ್ಮೆ ಕೆಟ್ಟು, ಮೊಣಕಾಲುದ್ದ ನೀರಿಗಿಳಿದು ಜೋರಾಗಿ ಚಪ್ಪಾಳೆ ತಟ್ಟಿಬಿಟ್ಟೆ. ಹಾರುವ ಫೋಟೋನಾದರೂ ಸಿಗಲಿ ಅಂತ. ಇಡೀ ಹಿಂಡು ಎದ್ದು ಏರಿ ದಾಟಿ ಹೋಯಿತು. ಸಿಕ್ಕ ಫೋಟೋಗಳಲ್ಲಿ ಇದ್ದಿದ್ದು ಬರೀ ಮಸುಕು ಬಾಲಗಳು.

ಏರಿಯ ಮೇಲೆ ಒಬ್ಬ ಅಜ್ಜ ನಿಂತು ನೋಡುತ್ತಿದ್ದರು.

"ಏನಪ್ಪಾ, ಬಾತು ಹೊಡ್ಯಕ್ ಬಂದ್ಯಾ?"

"ಇಲ್ಲ ತಾತ, ಫೋಟೋ ಅಷ್ಟೆ."

"ಮೊದ್ಲು ಕೋವಿ ತರೋರು, ಈಗ ನೀವು ಇದನ್ನ ತರ್ತೀರ. ಎರಡಕ್ಕೂ ಏನು ವ್ಯತ್ಯಾಸ ಅಂತ ಹಕ್ಕಿಗೇನ್ ಗೊತ್ತಾಯ್ತದೆ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಅವರು ಹೇಳಿದ್ದು ಸುಳ್ಳೂ ಅಲ್ಲ. 1939-40ರಲ್ಲಿ ಮೈಸೂರು ಸಂಸ್ಥಾನದ ಹಕ್ಕಿಗಳ ಸರ್ವೆ ಮಾಡಿದ ಸಲೀಂ ಅಲಿಯವರ ಕಾಲದಲ್ಲಿ, ಹಕ್ಕಿಯನ್ನು ಅಭ್ಯಾಸ ಮಾಡಬೇಕೆಂದರೂ ಕೋವಿ ಬೇಕಿತ್ತು. 1972ರ ವನ್ಯಜೀವಿ ಕಾಯ್ದೆಯಲ್ಲೂ ಲೈಸೆನ್ಸ್ ಪಡೆದು ಸಣ್ಣ ಬೇಟೆ ಆಡಲು ಅವಕಾಶ ಇತ್ತು, ಅದು ನಿಂತಿದ್ದು 1991ರ ತಿದ್ದುಪಡಿಯಲ್ಲಿ. ಅಂದರೆ ನಾನು ಹುಟ್ಟುವುದಕ್ಕೆ ಕೆಲವೇ ವರ್ಷ ಮೊದಲು!

ಅಜ್ಜ ಹಿಂದೆ ಆ ಕೆರೆಯ ನೀರುಗಂಟಿ ಆಗಿದ್ದವರಂತೆ. ತೂಬು ಎತ್ತಿ ಗದ್ದೆಗಳಿಗೆ ಸರದಿ ಪ್ರಕಾರ ನೀರು ಬಿಡುವ ಕೆಲಸ. "ತೂಬು ಎತ್ತಿ ಎಷ್ಟು ದಿವ್ಸ ಆಯ್ತು ಅಂತ ಹೇಳು, ಬಾತು ಎಲ್ಲಿ ಕೂತವೆ ಅಂತ ನಾನ್ ಹೇಳ್ತೀನಿ" ಅಂದರು. ಮೊದಲು ನಗು ಬಂತು. ಆಮೇಲೆ ಯೋಚಿಸಿದರೆ ಹೌದಲ್ಲ ಅನ್ನಿಸಿತು.

ಈ ಜಾತಿಯ ಬಾತುಗಳು ಸಾಮಾನ್ಯವಾಗಿ ಮುಳುಗಿ ಮೇಯುವುದಿಲ್ಲ. ಸೂಜಿಬಾಲದ ಬಾತು ಬಾಲ ಮೇಲೆತ್ತಿ ಕತ್ತು ನಿಲುಕುವಷ್ಟು ಆಳದಲ್ಲಿ ಮಾತ್ರ ಮೇಯುತ್ತದೆ. ಚಲುಕ ಬಾತು ಅಗಲ ಕೊಕ್ಕಿನಿಂದ ಮೇಲಿನ ನೀರನ್ನೇ ಸೋಸುತ್ತದೆ. ನಮ್ಮ ಕೆರೆಗಳೋ, ಏರಿಯ ಬುಡದಲ್ಲಿ ಆಳ, ಅಂಗಳದ ಕಡೆ ತಟ್ಟೆಯ ಹಾಗೆ ತೆಳು. ಮಳೆಗಾಲದಲ್ಲಿ ತುಂಬಿದ ನೀರನ್ನು ಬೆಳೆಗೆ ಬಿಡುತ್ತಾ ಬಂದ ಹಾಗೆ ಅಂಗಳದ ಕೆಸರು, ಹುಲ್ಲಿನ ಬೀಜ, ಹುಳಹುಪ್ಪಟೆ ಕೈಗೆಟುಕುತ್ತವೆ. ಅದೂ ಸರಿಯಾಗಿ ಬಾತುಗಳು ಬಂದಿಳಿಯುವ ಚಳಿಗಾಲಕ್ಕೆ. ರೈತರ ಲೆಕ್ಕಕ್ಕೆ ಮಾಡಿದ ವ್ಯವಸ್ಥೆ, ಹಕ್ಕಿಗಳ ಲೆಕ್ಕಕ್ಕೂ ತಾಳೆಯಾಗಿಬಿಟ್ಟಿತು!

ನಮ್ಮ ಸೀಮೆಯ ಈ ಲೆಕ್ಕ ಬಹಳ ಹಳೆಯದು. ದೇವರಾಯನದುರ್ಗದ ಬೆಟ್ಟದಲ್ಲಿ ಹುಟ್ಟುವ ಶಿಂಷೆಯ ಜೊತೆ ಕೆಳಗಿಳಿಯುತ್ತಾ ಹೋಗಿ. ಗುಬ್ಬಿ ತಾಲೂಕಿನ ಕಡಬದಲ್ಲಿ ಅದಕ್ಕೆ ದೊಡ್ಡ ಕೆರೆ ಕಟ್ಟಿದ್ದಾರೆ. ರಾಮನೇ ಕಟ್ಟಿಸಿದ್ದು ಅನ್ನುವುದು ಐತಿಹ್ಯ. ಕ್ರಿ.ಶ. 812ರ ಸುಮಾರಿನ ರಾಷ್ಟ್ರಕೂಟರ ಪ್ರಸಿದ್ಧ ತಾಮ್ರಶಾಸನ ಸಿಕ್ಕಿದ್ದು ಇದೇ ಊರಿನಲ್ಲಿ. ಇನ್ನೂ ಕೆಳಗೆ, ಕುಣಿಗಲ್ ತಾಲೂಕಿನಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದ ಮಾರ್ಕೋನಹಳ್ಳಿ ಜಲಾಶಯ. ನೀರು ಮಟ್ಟ ಮೀರಿದರೆ ತಾನೇ ಹೊರಹಾಕುವ ಸೈಫನ್ ಅದಕ್ಕಿದೆ. ಕುಣಿಗಲ್ಲಿನ ದೊಡ್ಡಕೆರೆಯಂತೂ ಜನಪದ ಹಾಡಿನಿಂದಾಗಿ ಕನ್ನಡಿಗರಿಗೆಲ್ಲ ಗೊತ್ತು. ಇವುಗಳಲ್ಲಿ ತಾನಾಗಿ ಆದ ಸರೋವರ ಒಂದೂ ಇಲ್ಲ, ನೋಡಿ. ಎಲ್ಲವೂ ಮಣ್ಣು ಹೊತ್ತು ಕಲ್ಲು ಪೇರಿಸಿ ಜನ ಕಟ್ಟಿದ್ದು. ನಾವು "ಕಾಡು ಬಾತು" ಅಂತ ಕರೆಯುವ ಹಕ್ಕಿ ಕೂತಿರುವುದು ಊರಿನ ನೀರಿನ ಮೇಲೆ.

ಈಗ ಈ ಲೆಕ್ಕ ಬದಲಾಗುತ್ತಿದೆ. ಜಿಲ್ಲೆಯ ಎಷ್ಟೋ ಕೆರೆಗಳಿಗೆ ಹೇಮಾವತಿ ನಾಲೆಯ ನೀರು ಬರುತ್ತದೆ. ತಪ್ಪು ಅನ್ನಲಾರೆ, ತುಮಕೂರಿನಲ್ಲಿ ನಾವು ಕುಡಿಯುವುದೂ ಅದನ್ನೇ. ಆದರೆ ಮಳೆಗಾಲ ಮುಗಿದ ಮೇಲೂ ನಾಲೆ ನೀರು ನುಗ್ಗಿ ಅಂಗಳವೆಲ್ಲ ಮುಳುಗಿದರೆ, ನೋಡುವವರಿಗೆ ಕೆರೆ ತುಂಬಿದ ಖುಷಿ, ಬಾತಿಗೆ ಮೇಯಲು ಜಾಗ ಇಲ್ಲ. ಹಕ್ಕಿ ಬರಲಿಲ್ಲ ಅಂತ ಹವಾಮಾನವನ್ನು ಬೈಯುವ ಮೊದಲು ನೀರಿನ ಮಟ್ಟ ನೋಡಬೇಕು.

ಮುಂದಿನ ಭಾನುವಾರ ಮತ್ತೆ ಹೋದೆ. ನೀರಿಗಿಳಿಯಲಿಲ್ಲ. ಸೂರ್ಯ ಬೆನ್ನಿಗೆ ಬರುವ ಹಾಗೆ ಬೇಲಿಯ ಮರೆಯಲ್ಲಿ ಕೂತೆ. ಎರಡು ಗಂಟೆಯ ಮೇಲೆ ಹಿಂಡು ತಾನಾಗಿ ಮೇಯುತ್ತಾ ಹತ್ತಿರ ಬಂತು. ಹಿಂದೆಲ್ಲ ಏರಿ, ತೂಬಿನ ಕಲ್ಲು, ಬಟ್ಟೆ ಒಗೆಯುವವರು ಫ್ರೇಮಿಗೆ ಬಂದರೆ ಕ್ರಾಪ್ ಮಾಡಿ ತೆಗೆಯುತ್ತಿದ್ದೆ, "ನೇಚರ್ ಫೋಟೋ" ಆಗಬೇಕಲ್ಲ! ಈ ಸಲ ತೂಬಿನ ಕಲ್ಲುಗಳನ್ನು ಹಾಗೇ ಬಿಟ್ಟೆ. ಪ್ರಿಂಟ್ ಹಾಕಿಸಿ ಅಜ್ಜನಿಗೆ ಕೊಟ್ಟರೆ, ಬಾತು ನೋಡುವ ಮೊದಲು ಕಲ್ಲಿನ ಮೇಲೆ ಬೆರಳಿಟ್ಟು, "ನೀರು ಇನ್ನೊಂದು ಮೊಳ ಇಳೀಬೇಕು" ಅಂದರು.

ನಿಮ್ಮೂರ ಕೆರೆಗೆ ಈ ಚಳಿಗಾಲ ಹೋದರೆ, ಚಪ್ಪಾಳೆ ಮಾತ್ರ ತಟ್ಟಬೇಡಿ. ತೂಬು ಎಲ್ಲಿದೆ ಅಂತ ಒಮ್ಮೆ ನೋಡಿ ಬನ್ನಿ.