ವಾಸಯೋಗ್ಯ ನಗರಗಳ ಶ್ರೇಣೀಕರಣ

ಯಾವ ಊರು ಬಾಳುವೆಗೆ ಮೇಲು, ಯಾವುದು ಕೀಳು ಎಂಬ ಚರ್ಚೆ ಜಗಲಿಯ ಹರಟೆಯಷ್ಟು ಹಳೆಯದು. ಆದರೆ ಆರೋಗ್ಯ, ಶಿಕ್ಷಣ, ಸಂಚಾರ, ಅಪರಾಧ, ಹವಾಮಾನ ಮೊದಲಾದವನ್ನು ಅಳೆದು, ಪ್ರತಿಯೊಂದಕ್ಕೂ ಇಂತಿಷ್ಟು ತೂಕವೆಂದು ನಿಗದಿಮಾಡಿ, ಒದಗಿದ ಮೊತ್ತಕ್ಕನುಸಾರವಾಗಿ ನಗರಗಳನ್ನು ಒಂದರ ಕೆಳಗೊಂದಾಗಿ ನಿಲ್ಲಿಸುವ ಪದ್ಧತಿಯು ಇಪ್ಪತ್ತನೆಯ ಶತಮಾನದ ಸೃಷ್ಟಿಯಾಗಿದೆ. ಈ ಪದ್ಧತಿ ಇಂದು ಜಗದ್ವ್ಯಾಪಿಯಾಗಿದ್ದರೂ, ಅದರ ಬಾಲ್ಯವನ್ನೂ ಅದು ಮಾಡಬಲ್ಲ ಕೇಡನ್ನೂ ಒಟ್ಟಿಗೆ ಅರಿಯಬಯಸುವವರು ಅಮೆರಿಕದ ಮಹಾಸರೋವರಗಳ ಮಗ್ಗುಲಲ್ಲಿರುವ ಷಿಕಾಗೊ ಮತ್ತು ಡೆಟ್ರಾಯಿಟ್ ಪ್ರಾಂತಗಳ ಚರಿತ್ರೆಯನ್ನು ನೋಡಬೇಕು.

ಷಿಕಾಗೊದಲ್ಲಿ ಅಳತೆಯ ಕಾರ್ಯ ಆರಂಭವಾದದ್ದು ಕರುಣೆಯಿಂದ. ಜೇನ್ ಆಡಮ್ಸ್ 1889ರಲ್ಲಿ ಎಲೆನ್ ಗೇಟ್ಸ್ ಸ್ಟಾರರೊಡನೆ ಸ್ಥಾಪಿಸಿದ ಹಲ್ ಹೌಸ್ ಎಂಬ ಸೇವಾಗೃಹದ ಮಹಿಳೆಯರು, ಫ್ಲಾರೆನ್ಸ್ ಕೆಲ್ಲಿಯ ನೇತೃತ್ವದಲ್ಲಿ ನೆರೆಹೊರೆಯ ಮನೆಮನೆಯ ವಿವರ ತರಿಸಿ, ಯಾವ ಸಂಸಾರಕ್ಕೆ ವಾರಕ್ಕೆಷ್ಟು ಕೂಲಿ, ಯಾರು ಯಾವ ದೇಶದಿಂದ ಬಂದವರು ಎಂಬುದನ್ನು ವಿಚಾರಿಸಿ, 1895ರಲ್ಲಿ ಬಣ್ಣದ ನಕ್ಷೆಗಳ ರೂಪದಲ್ಲಿ ಅದನ್ನು ಪ್ರಕಟಿಸಿದರು. ಅಲ್ಲಿ ಮೊದಲನೆಯ ಸ್ಥಾನವೂ ಇರಲಿಲ್ಲ, ಕೊನೆಯದೂ ಇರಲಿಲ್ಲ. ಎಲ್ಲಿ ದುಃಖವುಂಟೋ ಅಲ್ಲಿಗೆ ಸಮಾಜದ ದೃಷ್ಟಿಯನ್ನು ತಿರುಗಿಸುವುದೊಂದೇ ಉದ್ದೇಶವಾಗಿದ್ದಿತು.

ಅದೇ ನಗರದಲ್ಲಿ ನಾಲ್ಕು ದಶಕಗಳೊಳಗಾಗಿ ಅಳತೆಯ ಉದ್ದೇಶ ಬೇರೆಯಾಯಿತು. 1933ರಲ್ಲಿ ಹೋಮರ್ ಹಾಯ್ಟ್ ಷಿಕಾಗೊ ವಿಶ್ವವಿದ್ಯಾಲಯದ ತನ್ನ ಪ್ರಬಂಧದಲ್ಲಿ ನಗರದ ನೂರು ವರ್ಷಗಳ ಭೂಮೌಲ್ಯವನ್ನು ವಿಮರ್ಶಿಸುತ್ತ, ಯಾವ ಜನಾಂಗದವರು ನೆಲೆಸಿದರೆ ನೆಲದ ಬೆಲೆ ಏರುವುದು, ಯಾರು ಬಂದರೆ ಇಳಿಯುವುದು ಎಂಬ ಒಂದು ಶ್ರೇಣಿಯನ್ನು ಕೊಟ್ಟನು. ಅದರಲ್ಲಿ ಆಂಗ್ಲರೂ ಜರ್ಮನರೂ ಮೇಲಿದ್ದರು, ಕರಿಯರೂ ಮೆಕ್ಸಿಕನ್ನರೂ ತಳದಲ್ಲಿದ್ದರು. ಗೃಹಸಾಲಗಳಿಗೆ ಸರ್ಕಾರದ ಭದ್ರತೆಯನ್ನೊದಗಿಸುತ್ತಿದ್ದ ಫೆಡರಲ್ ಹೌಸಿಂಗ್ ಅಡ್ಮಿನಿಸ್ಟ್ರೇಷನ್ ಮರುವರ್ಷವೇ ಆತನನ್ನು ತನ್ನ ಅರ್ಥಶಾಸ್ತ್ರಜ್ಞನನ್ನಾಗಿ ನೇಮಿಸಿಕೊಂಡಿತು. ಇನ್ನೊಂದು ಸರ್ಕಾರಿ ಸಂಸ್ಥೆಯು ಆ ದಶಕದ ಉತ್ತರಾರ್ಧದಲ್ಲಿ ಷಿಕಾಗೊ, ಡೆಟ್ರಾಯಿಟ್ ಮುಂತಾದ ನಗರಗಳ ಬಡಾವಣೆಗಳಿಗೆ ಹಸುರು, ನೀಲಿ, ಹಳದಿ, ಕೆಂಪು ಎಂಬ ನಾಲ್ಕು ದರ್ಜೆಗಳ ಬಣ್ಣ ಹಚ್ಚಿತು. ಡೆಟ್ರಾಯಿಟಿನ ಎಂಟು ಮೈಲಿ ರಸ್ತೆಯ ಬಳಿ, ಕರಿಯರ ವಸತಿಗೆ ಅಂಟಿಕೊಂಡಿದ್ದುದರಿಂದ ಸಾಲಕ್ಕೆ ಅನರ್ಹವೆನಿಸಿದ್ದ ಹೊಸ ಬಡಾವಣೆಯೊಂದಕ್ಕೆ ಸರ್ಕಾರದ ಒಪ್ಪಿಗೆ ದೊರಕಿಸುವ ಸಲುವಾಗಿ, 1941ರಲ್ಲಿ ಆರಡಿ ಎತ್ತರದ, ಸುಮಾರು ಅರ್ಧ ಮೈಲಿ ಉದ್ದದ ಗೋಡೆಯೊಂದನ್ನು ಎಬ್ಬಿಸಲಾಯಿತು. ಅದು ಇಂದಿಗೂ ನಿಂತಿದೆ. ಕೆಂಪು ಬಣ್ಣ ಬಿದ್ದೆಡೆ ಸಾಲ ದೊರೆಯದೆ, ಸಾಲ ದೊರೆಯದ್ದರಿಂದ ಮನೆಗಳು ಶಿಥಿಲವಾಗಿ, ಶಿಥಿಲವಾದುದರಿಂದಲೇ ಬಣ್ಣ ಸರಿಯೆನಿಸಿಕೊಂಡ ಈ ಪ್ರಸಂಗದಲ್ಲಿ, ಶ್ರೇಣಿಯು ಊರಿನ ಸ್ಥಿತಿಯನ್ನು ವರ್ಣಿಸಿತೋ, ಇಲ್ಲವೆ ನಿರ್ಮಿಸಿತೋ ಎಂದು ಬೇರ್ಪಡಿಸುವುದು ಸುಲಭವಲ್ಲ.

ಇಂಥ ಶ್ರೇಣೀಕರಣದ ಪರಾಕಾಷ್ಠೆ ಡೆಟ್ರಾಯಿಟಿನ ಪೂರ್ವದ ಸಿರಿವಂತ ಉಪನಗರ ಗ್ರೋಸ್ ಪಾಯಿಂಟಿನಲ್ಲಿ ಕಾಣಬಂದಿತು. ಅಲ್ಲಿ ಮನೆ ಕೊಳ್ಳಬಯಸಿದವರನ್ನು ಗುಟ್ಟಾಗಿ ತನಿಖೆಮಾಡಿಸಿ, ಮೈಬಣ್ಣ, ಮಾತಿನ ರೀತಿ, ಉಡುಪು ಇವುಗಳಿಗೆ ಅಂಕ ಕೊಡುತ್ತಿದ್ದರೆಂಬುದು 1960ರಲ್ಲಿ ಬಯಲಾಯಿತು: ಸಾಮಾನ್ಯವಾಗಿ 50 ಅಂಕ ಸಾಕು, ಪೋಲೆಂಡಿನ ಮೂಲದವರಿಗೆ 55, ಯೆಹೂದ್ಯರಿಗೆ 85, ಕರಿಯರಿಗೂ ಏಷ್ಯದವರಿಗೂ ಪರೀಕ್ಷೆಗೆ ಕೂರುವ ಅವಕಾಶವೇ ಇಲ್ಲ. ವಾಸಯೋಗ್ಯವಾದ ಊರೆಂಬ ಮಾತಿನ ಬೆನ್ನಿಗೆ ಯಾರ ವಾಸಕ್ಕೆ ಎಂಬ ಪ್ರಶ್ನೆಯನ್ನು ಕೇಳಲೇಬೇಕೆಂಬುದಕ್ಕೆ ಇದಕ್ಕಿಂತ ನಿಚ್ಚಳವಾದ ದೃಷ್ಟಾಂತ ಬೇಕಿಲ್ಲ.

ಸಾರ್ವಜನಿಕರಿಗಾಗಿ ರಚಿತವಾದ ಪಟ್ಟಿಗಳ ವಂಶಾವಳಿ ಬೇರೆ. 1931ರಲ್ಲಿ ಎಚ್. ಎಲ್. ಮೆಂಕನ್ ಮತ್ತು ಚಾರ್ಲ್ಸ್ ಆಂಗಫ್ ತಮ್ಮ ಪತ್ರಿಕೆಯಲ್ಲಿ ಅಮೆರಿಕದ ಅತಿ ಹೀನವಾದ ರಾಜ್ಯ ಯಾವುದೆಂದು ಅಂಕಿಗಳಿಂದ ಸಾಧಿಸಿ, ಮಿಸಿಸಿಪಿಗೆ ಆ ಪಟ್ಟ ಕಟ್ಟಿದರು. 1939ರಲ್ಲಿ ಮನಶ್ಶಾಸ್ತ್ರಜ್ಞ ಇ. ಎಲ್. ಥಾರ್ನ್‌ಡೈಕ್ 310 ನಗರಗಳ ‘ಒಳ್ಳೆಯತನ’ವನ್ನು ಅಳೆದು ಪ್ಯಾಸಡೀನವನ್ನು ತುದಿಗೇರಿಸಿದನು. ಈ ವಿದ್ಯೆಯನ್ನು ಮಾರುಕಟ್ಟೆಯ ಸರಕನ್ನಾಗಿ ಮಾಡಿದ ಕೀರ್ತಿ ಮಾತ್ರ ಷಿಕಾಗೊದಲ್ಲಿ ಹುಟ್ಟಿ ನೆರೆಯ ಸ್ಕೋಕಿಗೆ ಸ್ಥಳಾಂತರಗೊಂಡಿದ್ದ ನಕ್ಷೆ ಪ್ರಕಾಶಕರಾದ ರ‍್ಯಾಂಡ್ ಮೆಕ್‌ನ್ಯಾಲಿಯವರಿಗೆ ಸಲ್ಲಬೇಕು. ಅವರು 1981ರಲ್ಲಿ ಹೊರತಂದ ‘ಪ್ಲೇಸಸ್ ರೇಟೆಡ್ ಆಲ್ಮನಾಕ್’ ಅಟ್ಲಾಂಟವನ್ನು ಮೊದಲನೆಯದೆಂದಿತು; 1985ರ ಆವೃತ್ತಿಯಲ್ಲಿ, ಉಕ್ಕಿನ ಕಾರ್ಖಾನೆಗಳು ಮುಚ್ಚಿ ಕಂಗೆಟ್ಟಿದ್ದ ಪಿಟ್ಸ್‌ಬರ್ಗ್ 329 ನಗರಪ್ರಾಂತಗಳ ಅಗ್ರಸ್ಥಾನಕ್ಕೇರಿ ತನ್ನನ್ನು ತಾನೇ ನಂಬದಾಯಿತು. ಕಡೆಯ ಸ್ಥಾನ ಪಡೆದ ಕ್ಯಾಲಿಫೋರ್ನಿಯದ ಯೂಬ ಸಿಟಿಯವರು ಆ ಪ್ರಕಾಶಕರ ನಕ್ಷೆಗಳನ್ನು ಸುಟ್ಟರು. 1987ರಲ್ಲಿ ‘ಮನಿ’ ಪತ್ರಿಕೆಯು ಡೆಟ್ರಾಯಿಟಿನ ವಾಯವ್ಯಕ್ಕಿರುವ ಮೋಟಾರು ಕಾರ್ಖಾನೆಗಳ ಊರು ಫ್ಲಿಂಟನ್ನು ಕೊನೆಗೆ ತಳ್ಳಿದಾಗಲೂ ಇದೇ ನಡೆಯಿತು; ಪತ್ರಿಕೆಯ ಪ್ರತಿಗಳನ್ನು ಬೆಂಕಿಗೆ ಹಾಕಿದ ದೃಶ್ಯ ಮೈಕೆಲ್ ಮೂರನ 1989ರ ‘ರೋಜರ್ ಅಂಡ್ ಮಿ’ ಚಿತ್ರದಲ್ಲಿದೆ. ನೌಕರಿ ಹೋದ ಊರಿಗೆ ಅಂಕವೂ ಹೋಯಿತೆಂದು ತಿಳಿಸಲು ಪತ್ರಿಕೆಯೇ ಬೇಕಾಗಿತ್ತೆ?

ಶ್ರೇಣೀಕರಣದ ಬುಡಕ್ಕೆ ಕೊಡಲಿಯಿಟ್ಟವರು ಬೆಲ್ ಪ್ರಯೋಗಾಲಯದ ಸಂಖ್ಯಾಶಾಸ್ತ್ರಜ್ಞರು. ಆಲ್ಮನಾಕಿನ ಒಂಬತ್ತು ಮಾನದಂಡಗಳ ಅಂಕಿಗಳಲ್ಲಿ ಒಂದನ್ನೂ ತಿದ್ದದೆ, ಅವುಗಳ ತೂಕಗಳನ್ನಷ್ಟೇ ಜಾಣ್ಮೆಯಿಂದ ಬದಲಾಯಿಸುತ್ತ ಹೋದರೆ 134 ನಗರಗಳನ್ನು ಮೊದಲನೆಯದಾಗಿಯೂ, 150ನ್ನು ಕೊನೆಯದಾಗಿಯೂ ಮಾಡಬಹುದೆಂದೂ, ಅವುಗಳಲ್ಲಿ 59 ನಗರಗಳು ಎರಡೂ ತುದಿಗಳಿಗೆ ಹೋಗಬಲ್ಲವೆಂದೂ 1987ರಲ್ಲಿ ತೋರಿಸಿಕೊಟ್ಟರು. ಪಟ್ಟಿಯ ಅರ್ಥವಿರುವುದು ಊರಿನಲ್ಲಲ್ಲ, ತಕ್ಕಡಿ ಹಿಡಿದವನ ಕೈಯಲ್ಲಿ ಎಂಬುದು ಅಂದೇ ಗಣಿತದಿಂದ ಸಿದ್ಧವಾಗಿತ್ತು.

ಆದರೂ ತಕ್ಕಡಿ ಜಗತ್ತಿಗೇ ಹಬ್ಬಿತು. ಲಂಡನ್ನಿನ ಎಕನಾಮಿಸ್ಟ್ ಇಂಟೆಲಿಜೆನ್ಸ್ ಯೂನಿಟ್ ಸ್ಥಿರತೆಗೆ 25, ಸಂಸ್ಕೃತಿ-ಪರಿಸರಕ್ಕೆ 25, ಆರೋಗ್ಯಕ್ಕೆ 20, ಮೂಲಸೌಕರ್ಯಕ್ಕೆ 20, ಶಿಕ್ಷಣಕ್ಕೆ 10 ಎಂದು ನೂರನ್ನು ಹಂಚುತ್ತದೆ. 2011ರಿಂದ 2017ರವರೆಗೆ ಮೆಲ್ಬರ್ನ್, ಆ ಬಳಿಕ ಹೆಚ್ಚಾಗಿ ವಿಯೆನ್ನ, 2025ರಲ್ಲಿ ಕೋಪನ್‌ಹೇಗನ್ ಅದರ ಶಿಖರದಲ್ಲಿ ಕುಳಿತಿವೆ. 2011ರಲ್ಲಿ ವ್ಯಾಂಕೂವರಿನ ಅಂಕ ಕುಗ್ಗಲು ಮಾಲಹಾಟ್ ಹೆದ್ದಾರಿಯ ತಡೆಗಳನ್ನು ಕಾರಣವಾಗಿ ಹೇಳಲಾಯಿತು. ಆ ಹೆದ್ದಾರಿ ಇರುವುದು ಸಮುದ್ರದಾಚೆಯ ದ್ವೀಪದಲ್ಲಿ! ಇಂಥ ಪಟ್ಟಿಗಳು, ಮರ್ಸರ್ ಸಂಸ್ಥೆಯ ಪಟ್ಟಿಯೂ ಸೇರಿದಂತೆ, ಪರದೇಶಕ್ಕೆ ಕಳುಹಿಸುವ ನೌಕರರಿಗೆ ಎಷ್ಟು ಕಷ್ಟಭತ್ಯೆ ಕೊಡಬೇಕೆಂದು ಕಂಪನಿಗಳು ನಿರ್ಣಯಿಸಲು ಉಪಯೋಗಿಸುವಂಥವು. ಆ ಕೆಲಸಕ್ಕೆ ಅವು ತಕ್ಕಮಟ್ಟಿಗೆ ಸಾರ್ಥಕವೆಂಬುದನ್ನು ಒಪ್ಪಬೇಕು. ಆದರೆ ಎಕನಾಮಿಸ್ಟ್ ಪಟ್ಟಿಯಲ್ಲಿ ಜೀವನವೆಚ್ಚಕ್ಕೆ ಸ್ಥಾನವೇ ಇಲ್ಲದಿರುವುದರಿಂದ, ಷಿಕಾಗೊ, ಡೆಟ್ರಾಯಿಟುಗಳ ಮನೆಬಾಡಿಗೆ ಅಲ್ಲಿ ಗಣನೆಗೆ ಬಾರದು.

ಸರಾಸರಿಯ ದೋಷ ಇದಕ್ಕಿಂತಲೂ ಗಹನವಾದುದು. ನ್ಯೂಯಾರ್ಕ್ ವಿಶ್ವವಿದ್ಯಾಲಯದ ವೈದ್ಯಕೀಯ ಶಾಲೆಯು 2019ರಲ್ಲಿ ಪ್ರಕಟಿಸಿದ ಪರಿಶೀಲನೆಯಂತೆ, ಷಿಕಾಗೊದ ಸ್ಟ್ರೀಟರ್‌ವಿಲ್ಲಿನಲ್ಲಿ ಹುಟ್ಟಿದವರ ನಿರೀಕ್ಷಿತ ಆಯುಷ್ಯ ಸುಮಾರು 90 ವರ್ಷ; ಅದೇ ನಗರದ ದಕ್ಷಿಣಕ್ಕಿರುವ ಎಂಗಲ್‌ವುಡ್ಡಿನಲ್ಲಿ ಸುಮಾರು 60. ಪರೀಕ್ಷಿಸಿದ 500 ನಗರಗಳಲ್ಲಿ ಇಷ್ಟು ದೊಡ್ಡ ಅಂತರ ಮತ್ತೆಲ್ಲಿಯೂ ಕಾಣಲಿಲ್ಲ. ಈ ಎರಡನ್ನೂ ಕೂಡಿಸಿ ಒಂದೇ ಅಂಕ ಕೊಟ್ಟರೆ ಅದು ಯಾರ ಊರಿನದೂ ಆಗದು.

ಈ ಪ್ರಾಂತಗಳಲ್ಲಿ ನೆಲೆಸಿರುವ ಕನ್ನಡಿಗರು, ಷಿಕಾಗೊದ ವಿದ್ಯಾರಣ್ಯ ಕನ್ನಡ ಕೂಟದವರಾಗಲಿ ಡೆಟ್ರಾಯಿಟಿನ ಪಂಪ ಕನ್ನಡ ಕೂಟದವರಾಗಲಿ, ನೇಪರ್‌ವಿಲ್, ಅರೋರ, ಟ್ರಾಯ್, ನೋವೈ ಎಂಬ ಉಪನಗರಗಳನ್ನು ಆರಿಸಿಕೊಳ್ಳುವಾಗ ತಮ್ಮದೇ ತೂಕಗಳನ್ನು ಬಳಸುತ್ತಾರೆ: ಮಕ್ಕಳ ಶಾಲೆ, ಕಚೇರಿಯ ದೂರ, ದೇವಸ್ಥಾನ, ಮಾತಿಗೆ ನಾಲ್ಕು ಕನ್ನಡದ ಮನೆ. ಅವರ ತವರಿನ ಬೆಂಗಳೂರೋ, ಭಾರತ ಸರ್ಕಾರದ ಸುಗಮ ಜೀವನ ಸೂಚ್ಯಂಕದಲ್ಲಿ 2018ರಲ್ಲಿ 58ನೆಯದಾಗಿದ್ದು, 2021ರ ಮಾರ್ಚಿನಲ್ಲಿ ಹೊರಬಿದ್ದ ಮುಂದಿನ ಪಟ್ಟಿಯಲ್ಲಿ ಹತ್ತು ಲಕ್ಷಕ್ಕೆ ಮೇಲ್ಪಟ್ಟ ಜನಸಂಖ್ಯೆಯ ನಗರಗಳಿಗೆಲ್ಲ ಮೊದಲನೆಯದಾಯಿತು. ನಡುವೆ ಬದಲಾದದ್ದು ಸಿಲ್ಕ್ ಬೋರ್ಡ್ ವೃತ್ತದ ವಾಹನಸಂದಣಿಯಲ್ಲ, ಅಳೆಯುವ ಕ್ರಮ.

ಜನ ತಮ್ಮ ತೂಕಗಳಿಂದ ಊರನ್ನು ಬಿಡುವುದೂ ಸೇರುವುದೂ ಜನಗಣತಿಯಲ್ಲಿ ಕಾಣುತ್ತದೆ. ಡೆಟ್ರಾಯಿಟಿನ ಜನಸಂಖ್ಯೆ 1950ರಲ್ಲಿ 18,49,568 ಇದ್ದದ್ದು 2020ರಲ್ಲಿ 6,39,111ಕ್ಕೆ ಇಳಿದಿತ್ತು. ನಗರಸಭೆ 2013ರಲ್ಲಿ ದಿವಾಳಿಯಾಗಿತ್ತು. 2023ರಲ್ಲಿ ಅಲ್ಲಿ 1,852 ಜನ ಹೆಚ್ಚಾದರೆಂದು ಜನಗಣತಿ ಇಲಾಖೆಯ ಅಂದಾಜು ತಿಳಿಸಿತು. 1957ರ ತರುವಾಯ ಅದೇ ಮೊದಲ ಏರಿಕೆ.