ಚೈನ್‌ಸಾ: ನಿಗಾ ಮತ್ತು ರಿಪೇರಿ

ಸೌದೆ ಕೊಯ್ಯಲು, ತೋಟದ ಮರ ಕಡಿಯಲು ಬಳಸುವ ಯಂತ್ರಗರಗಸ. ಮಧ್ಯಮ ಗಾತ್ರದ್ದರ ಟೂ-ಸ್ಟ್ರೋಕ್ ಎಂಜಿನ್ ಸುಮಾರು 50 ಸಿಸಿ. ಜರ್ಮನಿಯ ಆಂಡ್ರಿಯಾಸ್ ಸ್ಟಿಲ್ 1926ರಲ್ಲಿ ವಿದ್ಯುತ್ ಗರಗಸವನ್ನೂ 1929ರಲ್ಲಿ ಪೆಟ್ರೋಲಿನದನ್ನೂ ತಯಾರಿಸಿದರು. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ಸಿಲ್ವರ್ ಓಕ್ ಕೊಯ್ಯಲೂ ಇಂದು ಇದು ಬೇಕು.

ಯಂತ್ರದ ಸ್ಥಿತಿಯನ್ನು ಅದು ಉದುರಿಸುವ ಪುಡಿಯೇ ಹೇಳುತ್ತದೆ. ಹರಿತವಾದ ಚೈನು ಚಕ್ಕೆ ಎಬ್ಬಿಸುತ್ತದೆ, ಮೊಂಡಾದದ್ದು ಹಿಟ್ಟಿನಂಥ ಪುಡಿ. ಆಗ ಒತ್ತಿ ಕೊಯ್ಯುವುದು ದೊಡ್ಡ ತಪ್ಪು; ಚೈನು ಸುತ್ತುವ ಬಾರ್ ಕಾಯುತ್ತದೆ, ಕ್ಲಚ್ ಸವೆಯುತ್ತದೆ. ಹರಿತ ಮಾಡಲು .325 ಇಂಚು ಪಿಚ್‌ನ ಚೈನಿಗೆ 4.8 ಮಿ.ಮೀ. ದುಂಡು ಅರ ಬೇಕು. ಸಾಮಾನ್ಯವಾಗಿ 30 ಡಿಗ್ರಿ ಕೋನದಲ್ಲಿ, ಹಲ್ಲಿನ ಒಳಗಿನಿಂದ ಹೊರಕ್ಕೆ ಉಜ್ಜಬೇಕು. ಒಂದು ಬದಿಯ ಹಲ್ಲುಗಳು ಗಿಡ್ಡವಾದರೆ ಕೊಯ್ತ ವಾಲುತ್ತದೆ.

ಸ್ಟಾರ್ಟ್ ಆಗದಿದ್ದರೆ ಮೊದಲು ಇಂಧನ ನೋಡಬೇಕು. ಎಥನಾಲ್ ಬೆರೆತ ಪೆಟ್ರೋಲು ತೇವ ಹೀರುತ್ತದೆ. ತಿಂಗಳುಗಟ್ಟಲೆ ಇಟ್ಟ ಮಿಶ್ರಣ ಬೇಡವೇ ಬೇಡ. 50:1 ಎಂದರೆ ಲೀಟರಿಗೆ 20 ಮಿ.ಲೀ. ಟೂ-ಸ್ಟ್ರೋಕ್ ಆಯಿಲ್. ಪ್ಲಗ್ ಒದ್ದೆಯಿದ್ದರೆ ಎಂಜಿನ್ ಓವರ್‌ಫ್ಲೋ ಆಗಿರಬಹುದು; ಒಣಗಿದ್ದರೆ ಫ್ಯೂಯಲ್ ಫಿಲ್ಟರ್ ಇಲ್ಲವೇ ಕಾರ್ಬುರೇಟರ್ ಕಟ್ಟಿಕೊಂಡಿರಬಹುದು.

ಬಾರ್‌ನ ತುದಿಯನ್ನು ಒಣ ಮೋಟಿನತ್ತ ಹಿಡಿದು ಎಂಜಿನ್ ಏರಿಸಿದಾಗ ಚೈನಿನ ಆಯಿಲ್ ಗೆರೆ ಬೀಳದಿದ್ದರೆ, ಕೆಲಸ ನಿಲ್ಲಿಸಿ ಎಣ್ಣೆಯ ತೂತು ಬಿಡಿಸಬೇಕು.